ತವರಿನ ಹಂದರಗಂಬ

ಗದಿಗೆಮ್ಮ ಮಗಳ ಮದುವೆಯಿಂದ ಮೊದಲು ತೆಗೆದುಹಾಕಿದ್ದು ಫಂಕ್ಷನ್ ಹಾಲನ್ನು. ಆಮೇಲೆ ಬ್ಯಾಂಡು ಹೋಯಿತು, ಕಾರ್ಡು ಹೋಯಿತು, ಫೋಟೋದವನೂ ಹೋದ. ಹೈದರಾಬಾದಿನ ನಾಚಾರಂನಲ್ಲಿ ಕಾರ್ಖಾನೆಗಳ ಬೆನ್ನಿಗೆ ಅವಳದೊಂದು ರೊಟ್ಟಿ ಕೇಂದ್ರವಿತ್ತು. ತಗಡಿನ ಮಾಡು, ಮುಂದೆ ಒಂದಿಷ್ಟು ಅಂಗಳ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಮಷೀನುಗಳ ಮುಂದೆ ನಿಂತು ದುಡಿಯುವವರ ಡಬ್ಬಿಗಳಿಗೆಲ್ಲ ಜೋಳದ ರೊಟ್ಟಿ ಅಲ್ಲಿಂದಲೇ ಹೋಗುತ್ತಿತ್ತು. ಆ ಅಂಗಳದಲ್ಲೇ ಹಂದರ ಹಾಕುವುದು, ರೊಟ್ಟಿ ಬಡಿಯುವ ಹೆಂಗಸರೇ ಅಡುಗೆಗೆ ನಿಲ್ಲುವುದು, ಗೋಧಿ ಹುಗ್ಗಿ, ಎಣ್ಣೆಗಾಯಿ, ಅನ್ನ, ಸಾರು. ಎರಡೂ ಕಡೆಯಿಂದ ಸೇರಿ ನಲವತ್ತು ಜನ. ಸೀರೆಯನ್ನು ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಮೂರು ಸಲ ಅಂಗಡಿಯಿಂದ ಎದ್ದು ಹೊರಟು, ಮೂರು ಸಲ ಕರೆಸಿಕೊಂಡು ತಂದಿದ್ದಳು.

ಸಣ್ಣ ಮದುವೆಗೆ ಎರಡು ಗುಣ. ಖರ್ಚು ಕಡಿಮೆ, ಸದ್ದೂ ಕಡಿಮೆ. ಕೇಳಿದವರಿಗೆಲ್ಲ ಗದಿಗೆಮ್ಮ ಖರ್ಚಿನ ಮಾತೇ ಹೇಳುತ್ತಿದ್ದಳು. ಅವಳಿಗೆ ಹೆಚ್ಚು ಬೇಕಾಗಿದ್ದದ್ದು ಎರಡನೆಯದು. ಮಲ್ಲಾಪುರದ ಆಚೆ ಇರುವ ಅವಳ ತಮ್ಮ ಹುಲಗೇಶನ ಕಿವಿಗೆ ಈ ಮದುವೆ ಬೀಳಬಾರದಾಗಿತ್ತು.

ಹುಲಗೇಶನ ಕಸುಬೇ ಹೊಡೆತದ್ದು. ಸಾಲದ ಕಂತು ಕಟ್ಟದವರ ಕಾರು, ಲಾರಿಗಳನ್ನು ಫೈನಾನ್ಸಿನವರ ಪರವಾಗಿ ದಾರಿಯಲ್ಲಿ ಅಡ್ಡಗಟ್ಟಿ ಎಳೆದು ತಂದು ತನ್ನ ಯಾರ್ಡಿನಲ್ಲಿ ನಿಲ್ಲಿಸಿಕೊಳ್ಳುವುದು. ದಿನವಿಡೀ ಕೈ ಎತ್ತಿ ರೂಢಿಯಾದ ಮನುಷ್ಯನಿಗೆ ಮನೆಗೆ ಬಂದ ಮೇಲೆ ಕೈ ಇಳಿಸುವುದು ಹೇಗೆಂದು ಗೊತ್ತಿರಲಿಲ್ಲ. ಅಕ್ಕನ ಮಗಳು ಹರ್ಷದಾ ಕಾಲೇಜಿನಿಂದ ಒಬ್ಬ ಹುಡುಗನ ಜೊತೆ ಮಾತಾಡುತ್ತ ಬರುವುದನ್ನು ಕಂಡು, ಆ ಹುಡುಗನ ಕೈಯನ್ನು ಕಾರಿನ ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ್ದ. ತನ್ನನ್ನು ಕೇಳದೆ ಮಗಳನ್ನು ಕಾಲೇಜಿಗೆ ಹಾಕಿದ್ದಕ್ಕೆ ಅಕ್ಕನ ಬಲಗೈಯನ್ನು ಕಾದ ಹಂಚಿನ ಮೇಲೆ ಒತ್ತಿ ಹಿಡಿದಿದ್ದ. ಗದಿಗೆಮ್ಮನ ಆ ಅಂಗೈಯಲ್ಲಿ ಈಗ ಗೆರೆಗಳಿಲ್ಲ, ಬಿಸಿಯೂ ತಾಗುವುದಿಲ್ಲ. ರೊಟ್ಟಿ ತಿರುವಿ ಹಾಕಲು ಇದೇ ಅನುಕೂಲ ಎಂದು ಅವಳೇ ನಗುತ್ತಿದ್ದಳು. ಉಳಿದ ಹೆಂಗಸರು ನಗುತ್ತಿರಲಿಲ್ಲ.

ಹುಲಗೇಶನಿಗೊಬ್ಬ ಮಗ, ದಿನೇಶ. ಅವನಿಗೆ ಒಮ್ಮೆ ಮದುವೆಯಾಗಿತ್ತು. ಬಂದ ಹುಡುಗಿ ವರ್ಷ ತುಂಬುವ ಮೊದಲೇ ತವರಿಗೆ ಓಡಿಹೋದಳು. ಅವಳ ಎಡಗಿವಿ ಇವತ್ತಿಗೂ ಕೇಳುವುದಿಲ್ಲ. ಆ ಜಾಗಕ್ಕೆ ಈಗ ಹರ್ಷದಾ ಬರಬೇಕೆಂದು ಹುಲಗೇಶ ಹಟ ಹಿಡಿದಿದ್ದ. ಅಕ್ಕನ ಮಗಳು ತಮ್ಮನ ಮನೆಯ ಸೊಸೆ, ಅದು ಸೋದರಿಕೆಯ ಹಕ್ಕು. ಕೇಳಲು ಬಂದ ದಿನ ರೊಟ್ಟಿ ಮುರಿದು ತಿನ್ನುತ್ತ ತಣ್ಣಗೆ ಹೇಳಿದ್ದ.

"ಹೊರಗಿನ ಹುಡುಗಿ ತಡಕೊಳ್ಳಲಿಲ್ಲ ಅಕ್ಕಾ. ನಮ್ಮ ರಕ್ತ ಆದ್ರ ತಡಕೊಂತೈತಿ."

ಗದಿಗೆಮ್ಮ ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ದೀಪಾವಳಿ ಮುಗಿಯಲಿ ಎಂದಳು. ಅವನು ಹೋದ ಮೇಲೆ ಅವನು ತಿಂದ ತಟ್ಟೆಯನ್ನು ಎರಡು ಸಲ ತೊಳೆದಳು. ಅದೇ ವಾರ, ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮಷೀನು ನಡೆಸುವ ಭರತನನ್ನು ಕರೆಸಿ, ನನ್ನ ಮಗಳನ್ನು ನೋಡಿ ನಗುವುದು ಬಿಟ್ಟು ಮಾಡಿಕೊಳ್ಳುತ್ತೀಯೋ ಎಂದು ನೇರ ಕೇಳಿದಳು. ಲಿಂಗಸುಗೂರಿನ ಹುಡುಗ, ತಾಯಿ ಜಯಮ್ಮನನ್ನು ಬಿಟ್ಟರೆ ಯಾರೂ ಇಲ್ಲ. ಅವನು ನಾಚಿಕೊಂಡು ತಲೆ ಕೆರೆಯುತ್ತಿದ್ದರೆ ಒಳಗಿನಿಂದ ಹರ್ಷದಾಳೇ ಅವನ ಪರವಾಗಿ ಹೂಂ ಅಂದಳು.

ಮುಹೂರ್ತ ಕೇಳಲು ಹೋದಾಗ ಅಯ್ಯನವರು ಮೂರು ದಿನ ಹೇಳಿದರು. ಗದಿಗೆಮ್ಮ ತಿಂಗಳ ಕೊನೆಯದನ್ನು ಆರಿಸಿಕೊಂಡಳು. ಅದು ಅಷ್ಟೇನೂ ಒಳ್ಳೆಯ ಮುಹೂರ್ತವಲ್ಲ ಎಂದು ಅವರು ಗೊಣಗಿದರು.

"ನನ್ನ ತಮ್ಮ ಊರಾಗ ಇರದ ಹೊತ್ತೇ ನಮಗ ಛಲೋ ಹೊತ್ತ್ರಿ, ಅಪ್ಪಾರ," ಎಂದಳು ಗದಿಗೆಮ್ಮ.

ತಿಂಗಳ ಕೊನೆಗೆ ಕಂತು ತಪ್ಪಿದವರ ಬೇಟೆ. ಹುಲಗೇಶ ಬೆಳಕು ಹರಿಯುತ್ತಲೇ ಜಹೀರಾಬಾದ್ ದಾರಿ ಹಿಡಿದರೆ ಮರಳುವುದು ಕತ್ತಲಾದ ಮೇಲೆ. ಅಷ್ಟರಲ್ಲಿ ಅಕ್ಕಿಕಾಳು ಬಿದ್ದು, ಊಟವಾಗಿ, ಹುಡುಗಿ ಗಂಡನ ಮನೆ ಸೇರಿರುತ್ತಾಳೆ. ಆಮೇಲೆ ಅವನು ಬಂದು ತನ್ನನ್ನು ಹೊಡೆಯಲಿ. ಆ ಹೊಡೆತವನ್ನೂ ಅವಳು ಎಣ್ಣೆ ಬೆಲ್ಲದ ಜೊತೆಗೇ ಮದುವೆಯ ಖರ್ಚಿಗೆ ಸೇರಿಸಿಕೊಂಡಿದ್ದಳು.

ಇಷ್ಟೆಲ್ಲ ಕೊಯ್ದು ಕತ್ತರಿಸಿದ ಹೆಂಗಸಿಗೆ ಒಂದನ್ನು ಮಾತ್ರ ಬಿಡಲಾಗಲಿಲ್ಲ. ಹಂದರಗಂಬ.

ಅವಳ ಮಂದಿಯಲ್ಲಿ ಹಂದರಕ್ಕೆ ಮೊದಲು ನೆಡುವ ಗಂಬ ಹುಡುಗಿಯ ತಾಯಿಯ ತವರಿನಿಂದಲೇ ಬರಬೇಕು. ಕಡಿದರೆ ಹಾಲು ಸುರಿಯುವ ಅತ್ತಿಯ ಟೊಂಗೆ. ಅದಿದ್ದರೆ ಅದು ಹಂದರ, ಇಲ್ಲದಿದ್ದರೆ ಬರೀ ನೆರಳು. ತವರೆಂದರೆ ಈಗ ಹುಲಗೇಶನ ಯಾರ್ಡೇ. ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ಅವರಪ್ಪ ಕೊಂಡ ಜಾಗ ಅದು. ಊರಿನಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟ ಅತ್ತಿಯ ಸಸಿ ಈಗ ಸೊಂಟದ ಗಾತ್ರದ ಮರವಾಗಿ, ಎಳೆದು ತಂದ ಗಾಡಿಗಳಿಗೆ ನೆರಳಾಗಿತ್ತು. ಮಾರ್ಕೆಟ್ಟಿನಿಂದ ಒಂದು ಕಂಬ ತಂದು ನಿಲ್ಲಿಸೋಣ ಎಂದು ಭರತ ಹೇಳಿದ. ಹರ್ಷದಾಳೂ ಹೇಳಿದಳು. ಗದಿಗೆಮ್ಮ ಕೇಳಲಿಲ್ಲ. ಅವಳ ನಾದಿನಿಯೊಬ್ಬಳು ತವರಿನ ಗಂಬವಿಲ್ಲದೆ ಮದುವೆಯಾಗಿ ಆರೇ ತಿಂಗಳಿಗೆ ಕುಂಕುಮ ಅಳಿಸಿಕೊಂಡಿದ್ದಳು. ಅಂಥ ಕಡೆ ಬುದ್ಧಿ ಓಡುವುದಿಲ್ಲ, ಕಾಲು ಹಿಂದಕ್ಕೆ ಸರಿಯುತ್ತದೆ.

ಹುಲಗೇಶನ ಹೆಂಡತಿ ಗುರುದೇವಿಗೆ ಗುಟ್ಟಾಗಿ ಹೇಳಿಕಳಿಸಿದಳು. ಗುರುದೇವಿ ಮಾತಿಗೆ ಮುಂಚೆ ಹೆದರುವ ಹೆಂಗಸು. ಆದರೂ ಮದುವೆಯ ಹಿಂದಿನ ಮಧ್ಯಾಹ್ನ, ಗಂಡ ಮಗ ಇಲ್ಲದ ಹೊತ್ತು ನೋಡಿ, ಕಾರೊಂದರ ಮೇಲೆ ಹತ್ತಿ ಟೊಂಗೆ ಕಡಿದಳು. ಕಡಿದ ಗಾಯಕ್ಕೆ ಸೆಗಣಿ ಮೆತ್ತಿದಳು. ಟೊಂಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ರೊಟ್ಟಿ ಟೆಂಪೋದಲ್ಲಿ ಕಳಿಸಿದಳು. ಎಲ್ಲವನ್ನೂ ಜಾಣತನದಿಂದಲೇ ಮಾಡಿದ್ದಳು. ಆದರೆ ಅತ್ತಿಯ ಹಾಲು ಸೆಗಣಿಗೂ ಬಗ್ಗಲಿಲ್ಲ. ಸಂಜೆಯಿಂದ ಬೆಳಗಿನವರೆಗೆ ಒಂದೊಂದೇ ಹನಿ ಜಿನುಗಿ, ಕೆಳಗೆ ನಿಂತಿದ್ದ ಕರಿಯ ಕಾರಿನ ಮೇಲೆ ಬಿಳಿಯ ಕಲೆಯಾಗಿ ಒಣಗಿತು.

ಆ ಕಾರನ್ನು ಹುಲಗೇಶ ಅವತ್ತೇ ಫೈನಾನ್ಸಿನವರಿಗೆ ಒಪ್ಪಿಸಬೇಕಿತ್ತು. ಜಹೀರಾಬಾದಿಗೆ ಹೊರಡುವ ಮುನ್ನ ಒರೆಸಲು ಬಟ್ಟೆ ಹಿಡಿದವನು ಉಗುರಿನಿಂದ ಕಲೆ ಕೆರೆದ, ಮೂಸಿದ, ತಲೆ ಎತ್ತಿ ನೋಡಿದ. ಅತ್ತಿಯ ಟೊಂಗೆಯನ್ನು ಯಾರೂ ಒಲೆಗೆ ಕಡಿಯುವುದಿಲ್ಲ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದಿರುವವಳು ಒಬ್ಬಳೇ. ಬಟ್ಟೆಯನ್ನು ಕಾರಿನ ಮೇಲೇ ಬಿಟ್ಟು ಅವನು ಒಳಗೆ ನಡೆದ.

ನಾಚಾರಂನಲ್ಲಿ ಆಗ ಹರ್ಷದಾಳಿಗೆ ಸುರಿಗೆಯ ಮಂಗಳಸ್ನಾನದ ನೀರು ಹಾಕಿ ಮುಗಿದಿತ್ತು. ಅರಿಶಿನದ ಮೈ, ನೀರಿಳಿಯುವ ಕೂದಲು. ಅಂಗಳದಲ್ಲಿ ಗಂಬ ನಿಂತಿತ್ತು, ಅದಕ್ಕೆ ಕಟ್ಟಿದ ಮಾವಿನೆಲೆ ಇನ್ನೂ ಬಾಡಿರಲಿಲ್ಲ. ಒಲೆಯ ಮೇಲೆ ಹುಗ್ಗಿ ಬುಸುಗುಟ್ಟುತ್ತಿತ್ತು. ಗದಿಗೆಮ್ಮನ ಫೋನು ಬಡಿದುಕೊಂಡಿತು.

"ಅಕ್ಕಾ," ಗುರುದೇವಿಯ ದನಿ ಬಾವಿಯೊಳಗಿಂದ ಬಂದಂತಿತ್ತು. "ಬರಾಕತ್ತಾರ. ಹಾಲು ಕಾರಿನ ಮ್ಯಾಲ ಬಿದ್ದಿತ್ತು. ನಾ ಹೇಳಲಿಲ್ಲ ಅಕ್ಕಾ. ಕೈ ಮುರಿಯೂತನಕ ಹೇಳಲಿಲ್ಲ."

ಗದಿಗೆಮ್ಮ ತಾಳಿಯ ಪೊಟ್ಟಣವನ್ನು ತಟ್ಟೆಯಿಂದ ತೆಗೆದು ಕುಪ್ಪಸದೊಳಗೆ ಸೇರಿಸಿದಳು. ಮಗಳನ್ನು ಹಿಟ್ಟಿನ ಕೋಣೆಗೆ ದೂಡಿ ಚಿಲಕ ಹಾಕಿಸಿದಳು. ಒಲೆ ಆರಿಸುತ್ತಿದ್ದವರಿಗೆ, ಬೇಡ, ಉರಿಯಲಿ ಎಂದಳು.

ಅವರು ಬಂದ ಜೀಪು ಅಂಗಳದ ಹಗ್ಗವನ್ನು ಕಿತ್ತುಕೊಂಡೇ ನಿಂತಿತು. ಹುಲಗೇಶ, ದಿನೇಶ. ಇಬ್ಬರೇ. ನಲವತ್ತು ಜನರಿಗೆ ಇಬ್ಬರು ಏನು ಮಹಾ ಅನ್ನಬಹುದು. ಹೊಡೆಯುವುದೇ ಕಸುಬಾದವರು ಇಬ್ಬರಿದ್ದರೆ, ಮದುವೆಯೂಟಕ್ಕೆ ಬಂದವರು ನಲವತ್ತಲ್ಲ, ನಾನೂರಿದ್ದರೂ ಗೋಡೆಗೆ ಆತುಕೊಳ್ಳುತ್ತಾರೆ.

ಹುಲಗೇಶ ಯಾರ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಹೋಗಿ ಹಂದರಗಂಬವನ್ನು ತಬ್ಬಿ ಹಿಡಿದು ಅಲುಗಿಸಿ ಕಿತ್ತ. ಹಂದರ ಒಂದು ಕಡೆಗೆ ಕುಸಿಯಿತು. ಭರತ ಬಾಸಿಂಗ ಕಟ್ಟಿಕೊಂಡೇ ಹಿಟ್ಟಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಜಗಳವಾಡಿ ಗೊತ್ತಿಲ್ಲದ ಹುಡುಗ. ಎರಡೂ ಕೈ ಚಾಚಿ, ಬಸ್ಸು ನಿಲ್ಲಿಸುವವನಂತೆ ನಿಂತಿದ್ದ. ಹುಲಗೇಶನ ಮೊದಲ ಏಟಿಗೆ ಬಾಸಿಂಗ ಹಾರಿಹೋಯಿತು, ಹಣೆ ಒಡೆಯಿತು. ಎರಡನೆಯದು ಭುಜಕ್ಕೆ. ಮೂರನೆಯದಕ್ಕೆ ಜಯಮ್ಮ ಮಗನ ಮೇಲೆ ಬಿದ್ದುಕೊಂಡಳು. ಹುಲಗೇಶನ ಕೈ ನಿಲ್ಲಲಿಲ್ಲ, ಆ ಏಟು ಮುದುಕಿಯ ಬೆನ್ನಿಗೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು.

ದಿನೇಶ ಅವರಿಬ್ಬರನ್ನೂ ದಾಟಿಕೊಂಡು ಬಾಗಿಲಿಗೆ ಒದ್ದ. ಚಿಲಕ ಕಿತ್ತು ಬಂತು. ಹರ್ಷದಾಳ ಒದ್ದೆ ಕೂದಲನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಹೊರಗೆಳೆದ. ಅವಳು ಅವನ ಮಣಿಕಟ್ಟನ್ನು ಕಚ್ಚಿ ಹಿಡಿದಳು; ಅವನು ಇನ್ನೊಂದು ಕೈಯಿಂದ ಅವಳ ಕಿವಿಗೆ ಹೊಡೆದ. ಎಡಗಿವಿಗೆ.

ಅದನ್ನು ನೋಡಿದ್ದೇ ಗದಿಗೆಮ್ಮ ಒಲೆಯ ಕಡೆ ತಿರುಗಿದಳು. ಉದ್ದ ಹಿಡಿಯ ಸವುಟನ್ನು ಹುಗ್ಗಿಯ ಹಂಡೆಯಲ್ಲಿ ಅದ್ದಿದಳು. ಅವಸರ ಮಾಡಲಿಲ್ಲ, ತುಂಬಿಕೊಳ್ಳಲಿ ಎಂದು ಕಾದಳು. ಮೂರು ಹೆಜ್ಜೆ ನಡೆದು ಬಂದು ದಿನೇಶನ ಎರಡೂ ಪಾದಗಳ ಮೇಲೆ ಸುರಿದಳು. ಬೆಲ್ಲದಲ್ಲಿ ಕುದಿದ ಗೋಧಿ ಅರಗಿನಂತೆ ಅಂಟುತ್ತದೆ. ಒರೆಸಿಕೊಳ್ಳಲು ಬಾಗಿದವನ ಕೈಗೆ ಹುಗ್ಗಿಯ ಜೊತೆಗೆ ಚರ್ಮವೂ ಬಂತು. ದಿನೇಶ ಕೂದಲು ಬಿಟ್ಟ. ಮತ್ತೆ ಅವನ ಬಾಯಿಂದ ಬಂದದ್ದು ಮಾತಲ್ಲ.

ಹುಲಗೇಶ ಅಕ್ಕನ ಮುಖಕ್ಕೆ ಹೊಡೆದ. ಅವಳು ರುಬ್ಬುವ ಕಲ್ಲಿನ ಪಕ್ಕಕ್ಕೆ ಬಿದ್ದಳು, ಬಾಯಿ ತುಂಬ ಉಪ್ಪು. ಅವನು ಅದೇ ಕಲ್ಲಿನ ಮೇಲೆ ಗಂಬವನ್ನಿಟ್ಟು ತುಳಿದ. ಹಸಿ ಮರ ಲಟಕ್ಕನೆ ಮುರಿಯುವುದಿಲ್ಲ. ತಿರುಚಿ ತಿರುಚಿ, ನಾರು ಹರಿದು ಎರಡು ಮಾಡಿದ. ಎರಡೂ ತುಂಡುಗಳನ್ನು ಅವಳ ಮುಂದೆ ಎಸೆದ.

"ಹಂದರಗಂಬ ಮುರೀತು ಅಕ್ಕಾ. ಇನ್ನ ಹೆಂಗ ಮದಿವಿ ಮಾಡ್ತಿ, ಮಾಡು ನೋಡೂಣು."

ಮಗನನ್ನು ಹೊತ್ತು ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟ. ಕಾವಲಿಗೆ ಯಾರನ್ನೂ ಬಿಡಲಿಲ್ಲ. ಬಿಡುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಗಂಬ ಮುರಿದರೆ ಅಕ್ಕ ತಾನೇ ಮಗಳಿಗೆ ಅಕ್ಕಿಕಾಳು ಹಾಕುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಒಂದೇ ತಾಯಿಯ ಹಾಲು ಕುಡಿದವರಿಗೆ ಒಬ್ಬರ ಗಂಟು ಇನ್ನೊಬ್ಬರಿಗೆ ತಿಳಿದಿರುತ್ತದೆ.

ಅಯ್ಯನವರು ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಬಂದು ಅದನ್ನೇ ಹೇಳಿದರು. ಮುಹೂರ್ತ ಇನ್ನೂ ಇದೆ, ಆದರೆ ತವರಿನ ಗಂಬ ಮುರಿದ ಮೇಲೆ ಇದು ಹಂದರವಲ್ಲ. ಮುಂದಿನ ತಿಂಗಳು ನೋಡೋಣ ಎಂದರು. ಮುಂದಿನ ತಿಂಗಳೆಂದರೇನು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮುಂದಿನ ತಿಂಗಳು ಹರ್ಷದಾ ಆ ಯಾರ್ಡಿನ ಸೊಸೆ.

ಗದಿಗೆಮ್ಮ ನಾಲಿಗೆಯಿಂದ ತಡಕಿ, ಒಂದು ಹಲ್ಲನ್ನು ಅಂಗೈಗೆ ಉಗುಳಿದಳು. 

"ಅಪ್ಪಾರ," ಎಂದಳು. "ಗಂಬ ಮುರದೈತಿ. ಗಿಡ ಮುರದಿಲ್ಲಲ್ಲ?"

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಮ್ಮನ ಯಾರ್ಡಿನ ಮರದ ಬುಡಕ್ಕೇ ಮದುವೆಯನ್ನು ಒಯ್ಯುವ ಮಾತು ಅದು. ಬೇರಿನ ಮೇಲೆ ನಿಂತ ಅತ್ತಿಗಿಂತ ದೊಡ್ಡ ಗಂಬವಿಲ್ಲ, ಶಾಸ್ತ್ರಕ್ಕೆ ಅಡ್ಡಿಯಿಲ್ಲ, ಆದರೆ ತಾಯಿ, ಅದು ಹುಲಿಯ ಗವಿ ಎಂದರು.

"ಹುಲಿ ಈಗ ದವಾಖಾನಿಯಾಗ ಐತ್ರಿ. ಅದು ಬರೂದಕ್ಕ ಮೊದಲ ಹೋಗೂಣು."

ಭರತನ ಹಣೆಗೆ ಅರಿಶಿನ ಒತ್ತಿ, ಹೆಗಲ ಮೇಲಿನ ಶಲ್ಯದಿಂದಲೇ ಬಿಗಿದು ಕಟ್ಟಿದ್ದರು. ಗದಿಗೆಮ್ಮ ಅವನ ಮುಂದೆ ಕೂತು, ಬೇಡ ಅನ್ನುವುದಿದ್ದರೆ ಈಗಲೇ ಅಂದುಬಿಡು, ನಾನು ತಪ್ಪು ತಿಳಿಯುವುದಿಲ್ಲ ಎಂದಳು. ಹುಡುಗ ಒಂದು ಕಣ್ಣಿಗೆ ಇಳಿದ ರಕ್ತ ಒರೆಸಿಕೊಂಡ.

"ಇಷ್ಟು ಹೊಡ್ತ ತಿಂದ ಮ್ಯಾಲ ಹುಡುಗಿ ಬಿಟ್ಟು ಹೋದ್ರ ನನಗೇ ಲುಕ್ಸಾನು ಅವ್ವಾ."

ಹರ್ಷದಾ ತಂದೆ ಸತ್ತ ಮೇಲೆ ಅವ್ವನೆದುರು ಅತ್ತವಳಲ್ಲ. ಈಗ ಅತ್ತಳು, ಅಳುತ್ತಲೇ ನೆಲದಲ್ಲಿ ಚೆಲ್ಲಿದ್ದ ಅಕ್ಕಿಕಾಳನ್ನು ಮಣ್ಣಿನ ಸಮೇತ ಸೆರಗಿಗೆ ಬಳಿದುಕೊಂಡಳು.

ಫಂಕ್ಷನ್ ಹಾಲಿನ ಮದುವೆಯನ್ನು ಹೊತ್ತುಕೊಂಡು ಹೋಗಲು ಬರುವುದಿಲ್ಲ. ಸಣ್ಣ ಮದುವೆಗೆ ಕಾಲುಗಳಿರುತ್ತವೆ. ರೊಟ್ಟಿ ಸಾಗಿಸುವ ಟೆಂಪೋಕ್ಕೆ ಹೆಂಗಸರು ಹತ್ತಿದರು, ಗಂಡಸರು ಬೈಕು ತೆಗೆದರು. ಹೆಣ್ಣನ್ನು ಕಳಿಸಲೆಂದು ಚೆಂಡು ಹೂ ಕಟ್ಟಿ ನಿಲ್ಲಿಸಿದ್ದ ಒಂದೇ ಆಟೋದಲ್ಲಿ ಮದುಮಕ್ಕಳು, ಅಯ್ಯನವರು. ಗದಿಗೆಮ್ಮ ಮುರಿದ ಗಂಬದ ಎರಡೂ ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಟೆಂಪೋದಲ್ಲಿ ಕೂತಳು. ತವರಿನ ವಸ್ತು, ತವರಿಗೇ ಒಯ್ಯಬೇಕು.

ಯಾರ್ಡಿನ ಕಬ್ಬಿಣದ ಗೇಟು ತೆರೆದವಳು ಗುರುದೇವಿ. ಎಡಗೈಯಿಂದ ತೆರೆದಳು. ಬಲಗೈಯನ್ನು ಸೆರಗಿನಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದಳು, ಮೊಣಕೈಯ ಕೆಳಗೆ ಅದು ಇರಬಾರದ ಕಡೆ ಬಾಗಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದರಿಂದ ಬಾಸಿಂಗ ನೋಡಿದಳು, ಹೂವಿನ ಆಟೋ ನೋಡಿದಳು, ನಾದಿನಿಯ ಬಾಯಿ ನೋಡಿದಳು.

"ತವರಿಗೆ ಬಂದೀನಿ ಗುರುದೇವಿ," ಎಂದಳು ಗದಿಗೆಮ್ಮ.

"ಬರ್ರಿ ಅಕ್ಕಾ. ಕಸ ಹೊಡದಿಲ್ಲ."

ಕರಿಯ ಕಾರನ್ನು ನಾಲ್ಕು ಜನ ದೂಡಿ ಸರಿಸಿದರು. ಅತ್ತಿಯ ಬುಡಕ್ಕೆ ನೀರು ಚಿಮುಕಿಸಿ, ಎರಡು ಮಣೆ ಸಿಗದೆ ಎರಡು ಹಳೆಯ ಟೈರುಗಳ ಮೇಲೆ ಕಂಬಳಿ ಹಾಸಿ ಮದುಮಕ್ಕಳನ್ನು ಕೂರಿಸಿದರು. ಅಯ್ಯನವರು ಹೇಳಿದಂತೆ ಮುರಿದ ಗಂಬದ ಒಂದು ತುಂಡನ್ನು ಮರಕ್ಕೆ ಕಂಕಣದ ದಾರದಿಂದ ಕಟ್ಟಿದರು. ಇನ್ನೊಂದು ಗದಿಗೆಮ್ಮನ ಕೈಯಲ್ಲೇ ಉಳಿಯಿತು. ಗೇಟಿನ ಕಾವಲುಗಾರ ಮೂಲೆಗೆ ಹೋಗಿ ಫೋನು ಹಚ್ಚಿದ್ದನ್ನು ಅವಳು ನೋಡಿದಳು. ಅವನ ಹೊಟ್ಟೆಪಾಡು ಅದು, ಬೈಯಲಿಲ್ಲ. ಮಂತ್ರ ಬೇಗ ಹೇಳಿ ಎಂದಷ್ಟೇ ಅಯ್ಯನವರಿಗೆ ಹೇಳಿದಳು.

ಜೀಪಿನ ಸದ್ದು ಕೇಳಿದಾಗ ಮಂತ್ರ ಅರ್ಧಕ್ಕೆ ಬಂದಿತ್ತು.

ರೊಟ್ಟಿ ಬಡಿಯುವ ಹೆಂಗಸರಿಗೆ ಯಾರೂ ಏನೂ ಹೇಳಲಿಲ್ಲ. ನಾಚಾರಂನ ಅಂಗಳದಲ್ಲಿ ಗೋಡೆಗೆ ಆತು ನಿಂತ ನಾಚಿಕೆ ಇನ್ನೂ ಮೈಮೇಲಿತ್ತೋ ಏನೋ, ಒಬ್ಬಳು ಎದ್ದು ಮದುಮಕ್ಕಳ ಮುಂದೆ ನಿಂತಳು, ಇನ್ನೊಬ್ಬಳು ಅವಳ ಕೈ ಹಿಡಿದಳು. ಹುಲಗೇಶ ಇಳಿದು ಬರುವಷ್ಟರಲ್ಲಿ ಒಂದು ಸುತ್ತು ತುಂಬಿತ್ತು. ಅವನು ಒಬ್ಬಳನ್ನು ಎಳೆದು ನೆಲಕ್ಕೆ ಹಾಕಿ ಹೊಟ್ಟೆಗೆ ಒದ್ದ. ಸುತ್ತು ಜಾಗ ಬಿಡಲಿಲ್ಲ, ಪಕ್ಕದವರು ಕೂಡಿಕೊಂಡರು. ಇನ್ನೊಬ್ಬಳ ಮೂಗಿಗೆ ಗುದ್ದಿದ. ಅವಳು ಮೂಗು ಹಿಡಿದುಕೊಂಡೇ ನಿಂತಳು. ಆಗ ಅವನು ಷೆಡ್ಡಿಗೆ ಓಡಿ ಕೊಡಲಿ ತಂದ.

ಎಲ್ಲರೂ ಕೊಡಲಿ ತಮ್ಮ ಮೇಲೇ ಬರುತ್ತದೆಂದು ಕಣ್ಣು ಮುಚ್ಚಿಕೊಂಡರು. ಅವನು ಸುತ್ತನ್ನು ಬಳಸಿ ಮರದ ಹಿಂದಕ್ಕೆ ಹೋಗಿದ್ದ.

"ಗಿಡ ಇದ್ರ ತಾನೇ ಗಂಬ," ಎಂದು ಮೊದಲ ಏಟು ಹಾಕಿದ.

ಮರ ನಡುಗಿತು. ಹಣ್ಣೆಲೆ, ಕಾಯಿ ಉದುರಿದವು. ಎರಡನೆಯ ಏಟಿಗೆ ಹಾಲು ಚಿಮ್ಮಿ ಅವನ ಅಂಗಿಯ ಮೇಲೆ ಬಿತ್ತು. ಮರ ಬಿದ್ದರೆ ಮದುಮಕ್ಕಳ ಮೇಲೇ ಬೀಳಬೇಕು, ಅಂಥ ಕಡೆಯಿಂದಲೇ ಕಡಿಯುತ್ತಿದ್ದ. ಅಯ್ಯನವರ ದನಿ ನಿಂತುಹೋಯಿತು. ಅವರು ಏಳಲು ನೋಡಿದರು.

ಗದಿಗೆಮ್ಮ ಅವರ ಭುಜ ಒತ್ತಿ ಕೂರಿಸಿದಳು. ಕಟ್ಟಿಗೆ ಒಡೆದು ಮಗಳನ್ನು ಸಾಕಿದವಳು ಅವಳು. ಸಿಟ್ಟಿನ ಕೊಡಲಿ ಒಂದೇ ಕಡೆ ಬೀಳುವುದಿಲ್ಲ. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಜಾರಿ ತೊಗಟೆಗೆ. ಸೊಂಟದ ಗಾತ್ರದ ಹಸಿ ಅತ್ತಿಯನ್ನು ಸಿಟ್ಟಿನಿಂದ ಉರುಳಿಸಲು ಬಹಳ ಹೊತ್ತು ಬೇಕು.

"ಹೇಳ್ರಿ ಅಪ್ಪಾರ, ನಿಲ್ಲಿಸಬ್ಯಾಡ್ರಿ," ಎಂದಳು. "ಅವಂಗ ಕಟಗಿ ಒಡಿಯಾಕ ಬರೂದಿಲ್ಲ. ಸಣ್ಣಾಂವ ಇದ್ದಾಗೂ ನಾನೇ ಒಡಕೊಡತಿದ್ದೆ."

ಕೊಡಲಿಯ ಸದ್ದಿನ ನಡುವೆ ಮಂತ್ರ ಮುಂದುವರಿಯಿತು. ಪ್ರತಿ ಏಟಿಗೂ ಅಯ್ಯನವರು ಒಂದಕ್ಷರ ತಡವರಿಸಿ ಮತ್ತೆ ಹಿಡಿಯುತ್ತಿದ್ದರು. ಗದಿಗೆಮ್ಮ ಕುಪ್ಪಸದಿಂದ ಪೊಟ್ಟಣ ತೆಗೆದು ಭರತನ ಕೈಗಿಟ್ಟಳು. ಭುಜಕ್ಕೆ ಏಟು ಬಿದ್ದ ಅವನ ಕೈ ಮೇಲೇಳಲಿಲ್ಲ. ಹರ್ಷದಾಳೇ ತಲೆ ಬಗ್ಗಿಸಿ ಅವನ ಮೊಣಕಾಲ ಹತ್ತಿರಕ್ಕೆ ಕೊರಳು ತಂದಳು. ಗಂಟು ಬಿತ್ತು. ಮಣ್ಣು ಬೆರೆತ ಅಕ್ಕಿಕಾಳು, ಒಡೆದ ತುಟಿ ಒಡೆದ ಮೂಗಿನವರೆಲ್ಲ ಎಸೆದ ಅಕ್ಕಿಕಾಳು, ಅವರ ತಲೆಯ ಮೇಲೆ ಬಿತ್ತು. ಜಯಮ್ಮ ನೆಟ್ಟಗೆ ನಿಲ್ಲಲಾರದೆ ಬಾಗಿಕೊಂಡೇ ಸೋಬಾನದ ಒಂದು ಸೊಲ್ಲು ಎತ್ತಿದಳು.

ಕೊಡಲಿಯ ಸದ್ದು ನಿಂತಿತು.

ಹುಲಗೇಶ ಮರದ ಹಿಂದಿನಿಂದ ಬಂದು ಆ ಗಂಟು ನೋಡಿದ. ಮುಖ, ಎದೆಯೆಲ್ಲ ಹಾಲು. ಸುತ್ತು ನಿಂತ ಹೆಂಗಸರನ್ನು ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಅವನ ಕಣ್ಣು ಅವರೆಲ್ಲರನ್ನು ಬಿಟ್ಟು ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದ ಗುರುದೇವಿಯ ಮೇಲೆ ನಿಂತಿತು. ಹೊಡೆಯುವವನು ಯಾವಾಗಲೂ ತನ್ನ ಸಿಟ್ಟಿಗೆ ಅತಿ ಅಗ್ಗದವರನ್ನೇ ಹುಡುಕುತ್ತಾನೆ.

"ಟೊಂಗಿ ಕೊಟ್ಟಾಕಿ ನೀ," ಎಂದು ಕೊಡಲಿ ಎತ್ತಿಕೊಂಡು ಅತ್ತ ನಡೆದ.

ಗುರುದೇವಿ ಓಡಲಿಲ್ಲ. ಓಡಿ ಅವಳಿಗೆ ಅಭ್ಯಾಸವಿರಲಿಲ್ಲ. ಒಳ್ಳೆಯ ಕೈಯನ್ನು ತಲೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು.

ಗದಿಗೆಮ್ಮನ ಕೈಯಲ್ಲಿ ಗಂಬದ ಅರ್ಧ ತುಂಡಿತ್ತು. ಅವನ ಹಿಂದೆ ಓಡಿ, ಮೊಣಕಾಲಿನ ಹಿಂಬದಿಗೆ ಬೀಸಿದಳು. ಅವನು ಮಂಡಿಯೂರಿದ. ತಿರುಗಿ ಕೊಡಲಿ ಬೀಸಲು ಬಂದವನ ಮಣಿಕಟ್ಟಿಗೆ ಎರಡನೆಯದು. ಒಳಗೆ ಏನೋ ಒಡೆದ ಸದ್ದು, ಕೊಡಲಿ ಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಅವನ ಕೈಯಲ್ಲಿ ಏನೂ ಇರಲಿಲ್ಲ, ಅವನು ಏಳುವಂತೆಯೂ ಇರಲಿಲ್ಲ. ಅವಳು ಮೂರನೆಯದನ್ನೂ ಹಾಕಿದಳು. ಅದು ಸುಟ್ಟ ತನ್ನ ಅಂಗೈಯ ಲೆಕ್ಕಕ್ಕೆ. ನಾಲ್ಕನೆಯದು, ಐದನೆಯದು ಯಾತಕ್ಕೆಂದು ಅವಳಿಗೂ ತಿಳಿಯಲಿಲ್ಲ. ಕೈ ತಾನಾಗಿ ಏಳುತ್ತಿತ್ತು, ತಾನಾಗಿ ಇಳಿಯುತ್ತಿತ್ತು, ಹಗುರವಾಗಿ, ರೊಟ್ಟಿ ಬಡಿದಷ್ಟು ಸಲೀಸಾಗಿ. ಅವನು ಅಕ್ಕಾ ಅಂದ. ಕಂಕುಳಲ್ಲಿ ಹೊತ್ತು ತಿರುಗಿದಾಗ ಅನ್ನುತ್ತಿದ್ದ ದನಿಯಲ್ಲೇ ಅಂದ. ಆಗಲೂ ಕೈ ಇಳಿಯಿತು.

ಹಿಂದಿನಿಂದ ಬಂದು ಅವಳ ಕೈ ಹಿಡಿದವಳು ಹರ್ಷದಾ. ಬಾಸಿಂಗ ಕಿವಿಗೆ ಜಾರಿತ್ತು.

"ಸಾಕು ಅವ್ವಾ. ನೀನೂ ಮಾಮಾನಂಗ ಕಾಣಾಕತ್ತಿ."

ಗದಿಗೆಮ್ಮ ತುಂಡನ್ನು ಕೆಳಗಿಟ್ಟಳು. ಎಸೆಯಲಿಲ್ಲ, ಇಟ್ಟಳು. ಒಂದೇ ಒಲೆಯ ಕೆಂಡ ತನ್ನೊಳಗೂ ಇದೆಯೆಂದು ಅವಳಿಗೆ ಅನುಮಾನ ಇದ್ದೇ ಇತ್ತು. ಇವತ್ತು ಬೂದಿ ಕೆದರಿ ನೋಡಿದಂತಾಯಿತು.

ಹುಲಗೇಶನನ್ನು ಕಾವಲುಗಾರನೂ, ಕಾರು ಒಯ್ಯಲು ಆಗಷ್ಟೇ ಬಂದಿದ್ದ ಫೈನಾನ್ಸಿನ ಇಬ್ಬರೂ ಸೇರಿ ಆ ಕರಿಯ ಕಾರಿನಲ್ಲೇ ಹಾಕಿಕೊಂಡು ಹೋದರು. ಹಾಲಿನ ಕಲೆ ಅದರ ಮೇಲೆ ಹಾಗೇ ಇತ್ತು. ಮರ ಬೀಳಲಿಲ್ಲ. ಬೆನ್ನ ತುಂಬ ಬಾಯಿ ಬಿಟ್ಟ ಗಾಯಗಳಿದ್ದವು, ಒಂದೂ ಆಳವಿರಲಿಲ್ಲ.

ಆಸ್ಪತ್ರೆಗೆ ಹೊರಟ ಹೂವಿನ ಆಟೋದಲ್ಲಿ ಈ ಸಲ ಗುರುದೇವಿ ಕೂತಳು, ಪಕ್ಕದಲ್ಲಿ ಗದಿಗೆಮ್ಮ. ಮದುಮಕ್ಕಳು, 'ಹುಗ್ಗಿ ತಳ ಹಿಡಿದಿರುತ್ತದೆ, ಯಾರಾದರೂ ಹೋಗಿ ತಿರುವಿ' ಎಂದು ನರಳುತ್ತಲೇ ಗೊಣಗುತ್ತಿದ್ದ ಜಯಮ್ಮನ ಜೊತೆ ಟೆಂಪೋದಲ್ಲಿ ಹಿಂದೆ ಬಂದರು.

ಆಸ್ಪತ್ರೆಯಲ್ಲಿ ಭರತನ ಹಣೆಗೆ ಹೊಲಿಗೆ ಹಾಕುತ್ತಿದ್ದಾಗ ಗುರುದೇವಿಯ ಸರದಿ ಬಂತು. ಅಲ್ಲಿನ ಡಾಕ್ಟರಮ್ಮನಿಗೆ ಅವಳ ಗುರುತಿತ್ತು. ಹಿಂದೆ ಬಂದಾಗಲೆಲ್ಲ ಬಚ್ಚಲಲ್ಲಿ ಜಾರಿ ಬಿದ್ದೆ, ಮೆಟ್ಟಿಲಿನಿಂದ ಉರುಳಿದೆ ಎಂದು ಹೇಳಿದವಳು. ಈ ಸಲ ಎಲ್ಲಿ ಬಿದ್ದೆಯಮ್ಮ ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು, ಉತ್ತರಕ್ಕೆ ಕಾಯದೆ ಬರೆಯಲೂ ತೊಡಗಿದರು.

 ಗುರುದೇವಿಯ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿದು ಹೇಳುವುದಿಲ್ಲ. ಮದುವೆಯ ದಿನ ನಾಲ್ಕು ಜನರ ಒತ್ತಾಯಕ್ಕೆ ಒಡಪಿನ ಪದ ಕಟ್ಟಿ ಒಮ್ಮೆ ಹೇಳಿದರೆ ಮುಗಿಯಿತು. ಅವಳು ನಾದಿನಿಯ ಕಡೆ ನೋಡಿದಳು. ಗದಿಗೆಮ್ಮ ಏನೂ ಹೇಳಿಕೊಡಲಿಲ್ಲ.

"ಬಿದ್ದಿಲ್ಲರಿ," ಎಂದಳು ಗುರುದೇವಿ, ತೆಲುಗು ಮರೆತು ಕನ್ನಡದಲ್ಲೇ. "ಹುಲಗೇಶ ಮುರದಾನ."

ಡಾಕ್ಟರಮ್ಮನಿಗೆ ಕನ್ನಡ ಬಾರದಿದ್ದರೂ ಹೆಸರು ತಿಳಿಯಿತು. ಪೆನ್ನು ನಿಂತಿತು. ಬರೆದದ್ದನ್ನು ಹೊಡೆದುಹಾಕಿ, ಪೊಲೀಸರಿಗೆ ತಿಳಿಸಬೇಕಾಗುತ್ತದೆ, ಆಗಬಹುದೇ ಎಂದರು. ಗುರುದೇವಿ ತಲೆಯಾಡಿಸಿದಳು. ಆಮೇಲೆ ಅವರು ಗದಿಗೆಮ್ಮನ ಅಂಗೈಗಳಲ್ಲಿ ನಾಟಿದ್ದ ಸಿಬಿರುಗಳನ್ನು ನೋಡಿ, ಇದೇನು ಎಂದರು.

"ಹಂದರ ಹಾಕುವಾಗ ಆದದ್ದು," ಎಂದಳು ಗದಿಗೆಮ್ಮ ತೆಲುಗಿನಲ್ಲಿ. ಪೂರ್ತಿ ಸುಳ್ಳಲ್ಲ ಅದು. ಹಲ್ಲು ಹೋದದ್ದು ಹೇಗೆ ಎಂದಾಗ, ಅದನ್ನು ಇವಳು ಹೇಳಿದ ಹೆಸರಿನ ಕೆಳಗೇ ಬರೆದುಕೊಳ್ಳಿ ಎಂದಳು. ಹೊರಗೆ ಹೋಗಲು ಎದ್ದವಳು, ಏನನ್ನಿಸಿತೋ, ಮತ್ತೆ ಕೂತಳು. ಪೊಲೀಸರು ಬಂದರೆ ಅವನ ಮಣಿಕಟ್ಟು ಮುರಿದವಳು ನಾನೆಂದೂ ಬರೆದುಕೊಳ್ಳಲಿ, ಅದಕ್ಕೆ ಬೇರೆ ಯಾರ ಹೆಸರೂ ಬೇಡ ಎಂದಳು.

ಪ್ಲಾಸ್ಟರು ಹಾಕಿಸಿಕೊಂಡು ಹೊರಬಂದಾಗ ಆಟೋದವನು ಹೂವಿನ ಸರಗಳನ್ನು ಸರಿಮಾಡುತ್ತಿದ್ದ. ಹೆಣ್ಣನ್ನು ಗಂಡನ ಮನೆಗೆ ಬಿಡುವ ಬಾಡಿಗೆ ಅವನಿಗೆ ಮೊದಲೇ ಸಂದಿತ್ತು. ಹರ್ಷದಾ, ಭರತ ಅಷ್ಟು ಹೊತ್ತಿಗೆ ಸಿಟಿ ಬಸ್ಸು ಹತ್ತಿದ್ದರು, ಬಾಸಿಂಗವನ್ನು ತೊಡೆಯ ಮೇಲಿಟ್ಟುಕೊಂಡು. ಈಗ ಯಾರನ್ನು, ಎಲ್ಲಿಗೆ ಬಿಡಬೇಕು ಎಂದು ಅವನು ಹಿಂದಿಯಲ್ಲಿ ಕೇಳಿದ.

ಗುರುದೇವಿ ಮಲ್ಲಾಪುರದ ದಾರಿಯ ಕಡೆ ನೋಡುತ್ತಿದ್ದಳು. ಗದಿಗೆಮ್ಮ ಅವಳ ಒಳ್ಳೆಯ ಕೈ ಹಿಡಿದು ಒಳಗೆ ಕೂರಿಸಿ, ಸೆರಗು ಚಕ್ರಕ್ಕೆ ಸಿಗದಂತೆ ಮಡಿಲಿಗೆ ಹಾಕಿದಳು.

"ನಾಚಾರಂಗ ನಡಿಯಪ್ಪ," ಎಂದಳು. "ಮನ್ಯಾಗ ಹುಗ್ಗಿ ಉಳದೈತಿ. ಇಕಿ ಮುಂಜಾನಿಂದ ಉಂಡಿಲ್ಲ."